ಕುಟ್ಟ, ಮಾಕುಟ್ಟ ದಾಟಿ ಕೇರಳಕ್ಕೆ ಬಾಡಿಗೆ ಓಡಿಸಲು ಏನೇನು ಕಾಗದ ಬೇಕು?

ಪಾಲಿಬೆಟ್ಟ ಪಿಕಪ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಪಿಕಪ್ ಇದೆ. ಗೊಬ್ಬರ, ಕಾಫಿ ಮೂಟೆ, ಮನೆ ಸಾಮಾನು ಅಂತ ಕೊಡಗು ಜಿಲ್ಲೆಯೊಳಗೇ ಓಡಿಸುತ್ತೇನೆ. ಈಗ ಹದಿನಾಲ್ಕು ಅಡಿ ಬಾಡಿಯ ಗಾಡಿ ತೆಗೆದುಕೊಳ್ಳುವ ಯೋಚನೆ, ಒಟ್ಟು ತೂಕ 7 ಟನ್ ಚಿಲ್ಲರೆ ಬರುತ್ತದೆ. ಇರಿಟ್ಟಿ, ಮಾನಂದವಾಡಿ, ಕಲ್ಲಿಕೋಟೆ ಕಡೆಗೆ ಶುಂಠಿ, ಮೆಣಸು, ಬಾಳೆಕಾಯಿ ಲೋಡ್ ಸಿಗುತ್ತದೆ ಅನ್ನುತ್ತಿದ್ದಾರೆ.

ಏಜೆಂಟ್ ಒಬ್ಬರು "ಆಲ್ ಇಂಡಿಯಾ ಪರ್ಮಿಟ್ ಮಾಡಿಸಿಕೊಡ್ತೀನಿ, ಆಮೇಲೆ ನೀವು ತಲೆ ಕೆಡಿಸ್ಕೊಳ್ಳೋದೇ ಬೇಡ" ಅಂದರು. ಅತ್ತ ಕಲ್ಲಿಕೋಟೆಯ ಮಂಡಿಯವರು "ನೀವು ಮಾನ್ಯತೆ ಇರುವ ಟ್ರಾನ್ಸ್‌ಪೋರ್ಟರಾ, ನೋಂದಣಿ ನಂಬರ್ ಕಳಿಸಿ" ಅಂತ ಮೆಸೇಜ್ ಹಾಕಿದ್ದಾರೆ. ಎರಡೂ ಒಂದೇನಾ? ಗೊತ್ತಿರುವವರು ಬಿಡಿಸಿ ಹೇಳಿ.

ಗೋಣಿಕೊಪ್ಪ ಲಾರಿ ಆಫೀಸ್:

ತಮ್ಮಾ, ಎರಡೂ ಬೇರೆ ಬೇರೆ. ಎಲ್ಲವನ್ನೂ ಒಂದೇ ಏಟಿಗೆ ಮುಗಿಸುವ ಮಾನ್ಯತೆ ಪತ್ರ ನಮ್ಮಲ್ಲಿ ಇಲ್ಲವೇ ಇಲ್ಲ. ಗಾಡಿಗೆ ಒಂದು ಕಾಗದ, ಬಾಡಿಗೆ ವ್ಯವಹಾರಕ್ಕೆ ಇನ್ನೊಂದು, ಒಳಗಿರುವ ಮಾಲಿಗೆ ಮತ್ತೊಂದು, ಡ್ರೈವರ್‌ಗೆ ಬೇರೆ. ಏಜೆಂಟ್ ಹೇಳುತ್ತಿರುವುದು ಗಾಡಿಯದ್ದು ಮಾತ್ರ. ಮಂಡಿಯವರು ಕೇಳುತ್ತಿರುವುದು ವ್ಯವಹಾರದ್ದು.

ಮೊದಲು ಗಾಡಿ. ಇಷ್ಟು ದಿನ ನಿನಗೆ ಪರ್ಮಿಟ್‌ನ ಪರಿಚಯವೇ ಇರಲಿಕ್ಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ, ಒಟ್ಟು ತೂಕ 3,000 ಕೆಜಿ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ ಅಂತ ವಿನಾಯಿತಿ ಕೊಟ್ಟಿದ್ದಾರೆ. ನಮ್ಮ ಕಡೆ ಓಡುವ ಪಿಕಪ್‌ಗಳು ಜಾಸ್ತಿ ಅದರೊಳಗೇ ಬರುತ್ತವೆ. ಒಟ್ಟು ತೂಕ ಅಂದರೆ ಗಾಡಿ ಮತ್ತು ಲೋಡ್ ಸೇರಿ ಆರ್‌ಸಿಯಲ್ಲಿ ಬರೆದಿರುವ ತೂಕ. 7 ಟನ್‌ಗೆ ಹೋದ ಕೂಡಲೇ ಆ ವಿನಾಯಿತಿ ಹೋಯಿತು. ಕರ್ನಾಟಕದೊಳಗೆ ಮಾತ್ರ ಓಡಿಸುವುದಾದರೆ ರಾಜ್ಯದ ಪರ್ಮಿಟ್ ಸಾಕು, ಕೇರಳ ಗಡಿಯ ಕೂಟುಪುಯ ಸೇತುವೆ ದಾಟುವುದಾದರೆ ನ್ಯಾಷನಲ್ ಪರ್ಮಿಟ್ ಮಾಡಿಸು, ಏಜೆಂಟ್ ಆಲ್ ಇಂಡಿಯಾ ಅಂದದ್ದು ಇದನ್ನೇ. ಅಪರೂಪಕ್ಕೆ ಒಂದು ಲೋಡ್ ಹೋಗುವವರಿಗೆ ತಾತ್ಕಾಲಿಕ ಪರ್ಮಿಟ್ ಇದೆ, ನಿನ್ನ ಹಾಗೆ ದಿನಾ ಹೋಗುವವರಿಗೆ ಅದು ಸರಿ ಹೊಂದುವುದಿಲ್ಲ.

ನ್ಯಾಷನಲ್ ಪರ್ಮಿಟ್‌ನಲ್ಲಿ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಒಂದಿದೆ, ಅದನ್ನು ಚೆನ್ನಾಗಿ ಓದಿಕೊ. ಪರ್ಮಿಟ್ ಐದು ವರ್ಷಕ್ಕೆ. ಆದರೆ ಬೇರೆ ರಾಜ್ಯಕ್ಕೆ ಹೋಗಲು ಕೊಡುವ ಆಥರೈಸೇಷನ್ ಒಂದೇ ವರ್ಷಕ್ಕೆ. ಒಟ್ಟು ಶುಲ್ಕ 16,500 ರೂಪಾಯಿ, ಅದರ ಮೇಲೆ ಆಥರೈಸೇಷನ್ ಫೀಸ್ 1,000, ಇದನ್ನು ಪ್ರತಿ ವರ್ಷ ಕಟ್ಟಬೇಕು. ಎಷ್ಟೋ ಮಾಲೀಕರು ಪರ್ಮಿಟ್‌ನ ಮೇಲಿನ ಐದು ವರ್ಷದ ದಿನಾಂಕ ನೋಡಿ ಸುಮ್ನೆ ಇದ್ದುಬಿಡುತ್ತಾರೆ. ಏಜೆಂಟ್ ನೆನಪಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಳೆ ಗಾಡಿ ತೆಗೆದುಕೊಳ್ಳುವುದಾದರೆ ವಯಸ್ಸು ನೋಡು. 12 ವರ್ಷ ದಾಟಿದ ಗಾಡಿಗೆ ನ್ಯಾಷನಲ್ ಪರ್ಮಿಟ್ ಸಿಗುವುದಿಲ್ಲ, ಮಲ್ಟಿ ಆಕ್ಸಲ್‌ಗೆ 15 ವರ್ಷ. 2018ರ ನಿಯಮ ಬಂದ ಮೇಲೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್, ಎಂಟು ವರ್ಷದವರೆಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಅದೇ ನಿಯಮದಲ್ಲಿ ನ್ಯಾಷನಲ್ ಪರ್ಮಿಟ್ ಗಾಡಿಗೆ ಫಾಸ್ಟ್ಯಾಗ್ ಮತ್ತು ಟ್ರ್ಯಾಕಿಂಗ್ ಯಂತ್ರ ಕಡ್ಡಾಯ ಮಾಡಿದರು. ಲೋಡ್ ಮುಚ್ಚಿರಬೇಕು. ಗಾಡಿಯ ಹಿಂದೆ ಮುಂದೆ ನ್ಯಾಷನಲ್ ಪರ್ಮಿಟ್ ಅಂತ ದೊಡ್ಡದಾಗಿ ಬರೆಸಬೇಕು.

ವಿರಾಜಪೇಟೆ ಲೆಕ್ಕ:

ಅಣ್ಣ ಗಾಡಿಯದ್ದು ಹೇಳಿದ್ದಾರೆ, ನಾನು ವ್ಯವಹಾರದ್ದು ಹೇಳುತ್ತೇನೆ. ಮಂಡಿಯವರು ಕೇಳಿದ ನಂಬರ್ ಎರಡರಲ್ಲಿ ಒಂದು ಇರಬೇಕು. ಯಾವುದು ಅಂತ ಅವರನ್ನೇ ಕೇಳಿಬಿಡಿ, ಅದರಲ್ಲಿ ಸಂಕೋಚ ಬೇಡ.

ಒಂದು, 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆಯ ನೋಂದಣಿ. 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಯಾರ ಮಾಲನ್ನು ಬೇಕಾದರೂ ಬಾಡಿಗೆಗೆ ಸಾಗಿಸುತ್ತೇನೆ ಅಂತ ಕೂತವರು, ಅಂದರೆ ಕಾಮನ್ ಕ್ಯಾರಿಯರ್, ಈ ಸರ್ಟಿಫಿಕೇಟ್ ಇಲ್ಲದೆ ವ್ಯವಹಾರ ಮಾಡುವ ಹಾಗಿಲ್ಲ. ಹತ್ತು ವರ್ಷಕ್ಕೆ ಕೊಡುತ್ತಾರೆ. ಮಾನ್ಯತೆ ಅಂತ ಕರೆಯಬಹುದಾದದ್ದು ಏನಾದರೂ ಇದ್ದರೆ ಅದು ಇದೇ. ಕೊಡಗಿನಲ್ಲಿ ಒಂದು ಎರಡು ಗಾಡಿ ಇಟ್ಟವರು ತುಂಬಾ ಜನ ಇದರ ಹೆಸರನ್ನೇ ಕೇಳಿಲ್ಲ, ನನಗೆ ಅದು ನಿಜವಾಗಿ ಬೇಸರದ ವಿಷಯ, ಯಾಕೆಂದರೆ ಈ ಕಾಯ್ದೆಯಲ್ಲಿ ಮಾಲೀಕನನ್ನು ಕಾಯುವ ಮಾತೂ ಇದೆ. ಮಾಲು ಕಳುಹಿಸುವವರು ಏನು ಮಾಲು, ಎಷ್ಟು ಬೆಲೆ ಅಂತ ಬರೆದುಕೊಡಬೇಕು, ನೀವು ಪ್ರತಿಯಾಗಿ ರಸೀದಿ ಕೊಡಬೇಕು, ನಾವು ಎಲ್‌ಆರ್ ಅನ್ನುತ್ತೇವಲ್ಲ ಅದು. ಮಾಲು ನಷ್ಟವಾದರೆ ನಿಮ್ಮ ಹೊಣೆಗೆ ಒಂದು ಮಿತಿ ಇದೆ. ಕೇಸ್ ಹಾಕುವ ಮೊದಲು ಅವರು 180 ದಿನದೊಳಗೆ ನಿಮಗೆ ಲಿಖಿತ ನೋಟಿಸ್ ಕೊಡಬೇಕು. ಎಲ್‌ಆರ್ ಇಲ್ಲದೆ ಬಾಯಿಮಾತಲ್ಲಿ ಲೋಡ್ ಹೊತ್ತರೆ, ಏನು ಹೊತ್ತಿದ್ದೆ ಅನ್ನುವುದಕ್ಕೇ ನಿಮ್ಮ ಹತ್ತಿರ ಸಾಕ್ಷಿ ಇರುವುದಿಲ್ಲ.

ಇನ್ನೊಂದು, ಟ್ರಾನ್ಸ್‌ಪೋರ್ಟರ್ ಐಡಿ. ಜಿಎಸ್‌ಟಿ ನಂಬರ್ ಇಲ್ಲದ ಸಣ್ಣ ಮಾಲೀಕರು ಇ-ವೇ ಬಿಲ್ ಪೋರ್ಟಲ್‌ನಲ್ಲಿ ದಾಖಲಾದರೆ 15 ಅಂಕಿಯ ಒಂದು ಸಂಖ್ಯೆ ಕೊಡುತ್ತದೆ. ಇ-ವೇ ಬಿಲ್ ಅಂದರೆ ಮಾಲು ಸಾಗಿಸಲು ಜಿಎಸ್‌ಟಿಯವರ ಪೋರ್ಟಲ್‌ನಲ್ಲಿ ಮಾಡುವ ಚೀಟಿ, ಮಾಲು ಕಳುಹಿಸುವವರು ಅದರಲ್ಲಿ ಈ ಸಂಖ್ಯೆ ಹಾಕುತ್ತಾರೆ. ದೊಡ್ಡ ಮಂಡಿಯವರು ಮೊದಲು ಕೇಳುವುದು ಸಾಮಾನ್ಯವಾಗಿ ಇದನ್ನೇ.

ಒಂದು ಎಚ್ಚರಿಕೆ. ಎಲ್‌ಆರ್ ಕೊಡಲು ಶುರು ಮಾಡಿದರೆ ಜಿಎಸ್‌ಟಿಯ ಲೆಕ್ಕದಲ್ಲಿ ನೀವು ಗೂಡ್ಸ್ ಟ್ರಾನ್ಸ್‌ಪೋರ್ಟ್ ಏಜೆನ್ಸಿ ಆಗುತ್ತೀರಿ. ಹಾಗಂತ ಹೆದರಿ ಎಲ್‌ಆರ್ ಬಿಡಬೇಡಿ. ನೋಂದಾಯಿತ ವ್ಯಾಪಾರಿಗೆ ಬಾಡಿಗೆ ಹೊಡೆದರೆ ಆ ತೆರಿಗೆಯನ್ನು ಹೆಚ್ಚಾಗಿ ಅವರೇ ಕಟ್ಟುತ್ತಾರೆ. ಶುರು ಮಾಡುವ ಮೊದಲು ಯಾರಾದರೂ ಲೆಕ್ಕದವರ ಹತ್ತಿರ ಕೂತು ನಿಮ್ಮ ಗಿರಾಕಿಗಳ ಪಟ್ಟಿ ತೋರಿಸಿ.

ಪಾಲಿಬೆಟ್ಟ ಪಿಕಪ್:

ಅಕ್ಕಾ, ತುಂಬಾ ಉಪಕಾರ ಆಯಿತು. ಇ-ವೇ ಬಿಲ್ ಎಲ್ಲದಕ್ಕೂ ಬೇಕಾ? ಇರಿಟ್ಟಿ ಇಲ್ಲೇ ಪಕ್ಕ ಅಲ್ವಾ, 50 ಕಿಲೋಮೀಟರ್ ಒಳಗೆ ಬೇಡ ಅಂತ ಯಾರೋ ಹೇಳಿದರು. ಮೆಣಸು ತೋಟದವರದ್ದೇ, ಅವರಿಗೆ ಜಿಎಸ್‌ಟಿ ಇಲ್ಲ.

ವಿರಾಜಪೇಟೆ ಲೆಕ್ಕ:

ಆ 50 ಕಿಲೋಮೀಟರ್ ಮಾತು ನಮ್ಮ ಗಡಿಯಲ್ಲಿ ತುಂಬಾ ಜನರನ್ನು ಹಾಳು ಮಾಡಿದೆ. ಅದು ಒಂದೇ ರಾಜ್ಯದೊಳಗೆ, ಮಾಲಿನವರ ಜಾಗದಿಂದ ಟ್ರಾನ್ಸ್‌ಪೋರ್ಟರ್ ಗೋಡೌನ್‌ವರೆಗೆ ಮಾಲು ತರುವಾಗ ಗಾಡಿ ನಂಬರ್ ತುಂಬದಿದ್ದರೂ ನಡೆಯುತ್ತದೆ ಅನ್ನುವ ವಿನಾಯಿತಿ, ಅಷ್ಟೇ. ರಾಜ್ಯ ಬದಲಾದರೆ ಅದು ಲೆಕ್ಕಕ್ಕಿಲ್ಲ, ದೂರ ಹತ್ತೇ ಕಿಲೋಮೀಟರ್ ಆದರೂ.

ಮಾಲಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಕರಿಮೆಣಸಿನ ಇವತ್ತಿನ ದರಕ್ಕೆ ಎರಡು ಮೂರು ಮೂಟೆಯಲ್ಲೇ ಅದು ದಾಟುತ್ತದೆ. ಒಣಗಿಸಿದ ಮೆಣಸಿಗೆ 5 ಪರ್ಸೆಂಟ್ ಜಿಎಸ್‌ಟಿ ಇದೆ. ತೋಟದವರು ತಾವು ಬೆಳೆದದ್ದನ್ನು ಮಾರಿದರೆ ನೋಂದಣಿ ಬೇಡ, ಜಿಎಸ್‌ಟಿ ಮಂಡಳಿ 2024ರ ಡಿಸೆಂಬರ್‌ನಲ್ಲಿ ಇದನ್ನೇ ಸ್ಪಷ್ಟ ಮಾಡಿತು. ಆದರೆ ಕೊಳ್ಳುವವರು ನೋಂದಾಯಿತರಾಗಿದ್ದರೆ ಇ-ವೇ ಬಿಲ್ ಮಾಡುವ ಜವಾಬ್ದಾರಿ ಅವರದ್ದು. ಹಾಗಾಗಿ ತೋಟದ ಗೇಟ್ ದಾಟುವ ಮೊದಲೇ ಮಂಡಿಯವರಿಂದ ಬಿಲ್ ತರಿಸಿಕೊಳ್ಳಿ. ಹುರಿಯದ ಕಾಫಿ ಬೀಜಕ್ಕೆ ತೆರಿಗೆ ಇಲ್ಲ, ಅದಕ್ಕೆ ಇ-ವೇ ಬಿಲ್ ಬೇಕಿಲ್ಲ. ಹುರಿದರೆ, ಪುಡಿ ಮಾಡಿದರೆ ಬೇಕು. ಕಾಫಿಗೂ ಬಿಲ್ಲೋ ಡೆಲಿವರಿ ಚಲನ್ನೋ ಒಂದು ಕಾಗದ ಗಾಡಿಯಲ್ಲಿರಲಿ, ಇಲ್ಲದಿದ್ದರೆ ಕದ್ದ ಮಾಲಲ್ಲ ಅಂತ ದಾರಿಯಲ್ಲಿ ಹೇಗೆ ತೋರಿಸುತ್ತೀರಿ?

ಗಾಡಿ ಕೆಟ್ಟು ಇನ್ನೊಂದು ಗಾಡಿಗೆ ಲೋಡ್ ಬದಲಾಯಿಸಿದರೆ ಕೂಡಲೇ ಇ-ವೇ ಬಿಲ್‌ನ ಪಾರ್ಟ್ ಬಿಯಲ್ಲಿ, ಅಂದರೆ ಗಾಡಿ ನಂಬರ್ ತುಂಬುವ ಭಾಗದಲ್ಲಿ, ಹೊಸ ನಂಬರ್ ಹಾಕಿ. ಮಾಕುಟ್ಟ ಘಾಟ್‌ನಲ್ಲಿ ಇದು ಆಗಾಗ ಆಗುತ್ತದೆ. ಬಿಲ್‌ನಲ್ಲಿ ಒಂದು ನಂಬರ್, ಗಾಡಿಯ ಮೇಲೆ ಇನ್ನೊಂದು ಇದ್ದರೆ ಮಾಲು ಗಾಡಿ ಎರಡನ್ನೂ ಹಿಡಿಯುತ್ತಾರೆ. 2022ರ ಜನವರಿಯಿಂದ ದಂಡ ತೆರಿಗೆಯ 200 ಪರ್ಸೆಂಟ್, ಅದೂ ಮಾಲಿನ ಒಡೆಯ ಮುಂದೆ ಬಂದು ಕಟ್ಟಿದರೆ.

ಶ್ರೀಮಂಗಲ ಲೋಡ್:

ಇಷ್ಟೆಲ್ಲಾ ಓದಿದರೆ ಹುಡುಗ ಗಾಡಿಯೇ ತೆಗೆದುಕೊಳ್ಳುವುದಿಲ್ಲ. ಜಿಎಸ್‌ಟಿ ಬಂದ ಮೇಲೆ ತೆರಿಗೆ ಚೆಕ್‌ಪೋಸ್ಟೇ ಇಲ್ಲ. ಕುಟ್ಟ ತೋಲ್‌ಪೆಟ್ಟಿಯಲ್ಲಿ ಯಾರು ಪರ್ಮಿಟ್ ಆಥರೈಸೇಷನ್ ಅಂತ ದಿನಾ ಕೇಳುತ್ತಾರೆ? ಕುಟ್ಟದವನು ಒಂದು ಕಾಗದಕ್ಕೆ ಮಡಿಕೇರಿಗೆ ಹೋಗಿಬಂದರೆ ಒಂದು ದಿನದ ಬಾಡಿಗೆ ಹೋಯಿತು, ಡ್ರೈವರ್ ಬತ್ತಾ ಬೇರೆ. ಒಂದು ಗಾಡಿಯವನಿಗೂ ನೂರು ಗಾಡಿಯವನಿಗೂ ಒಂದೇ ನಿಯಮ ಅನ್ನುವುದು ನ್ಯಾಯವಲ್ಲ. ಏಜೆಂಟ್ ಇಲ್ಲದೆ ನಾವು ಬದುಕುವ ಹಾಗಿಲ್ಲ.

ಗೋಣಿಕೊಪ್ಪ ಲಾರಿ ಆಫೀಸ್:

ಮಾವ, ಮಡಿಕೇರಿಗೆ ಹೋಗಿಬರುವ ಕಷ್ಟ ನಿಜ, ಸಣ್ಣವರ ಮೇಲೆ ಹೊರೆ ಜಾಸ್ತಿ ಅನ್ನುವುದೂ ನಿಜ. ನಮ್ಮ ಜಿಲ್ಲೆಗೆ ರೈಲಿಲ್ಲ, ಒಂದು ಮೂಟೆ ಉಪ್ಪಿನಿಂದ ಹಿಡಿದು ಕಾಫಿಯವರೆಗೆ ಎಲ್ಲಾ ರಸ್ತೆಯಲ್ಲೇ ಹೋಗಬೇಕು, ಆ ರಸ್ತೆಯನ್ನು ನಡೆಸುತ್ತಿರುವುದು ಒಂದು ಎರಡು ಗಾಡಿಯವರೇ. ಆದರೆ ಕಾಗದ ಚೆಕ್‌ಪೋಸ್ಟಿಗಾಗಿ ಅಂತ ತಿಳಿದುಕೊಂಡಿರುವುದರಲ್ಲೇ ನಮ್ಮವರು ಕೆಡುತ್ತಿದ್ದಾರೆ, ಮಾವ. ಕಾಗದ ಬೇಕಾಗುವುದು ಆಕ್ಸಿಡೆಂಟ್ ಆದ ದಿನ.

ಪರ್ಮಿಟ್ ಇಲ್ಲದೆ ಓಡಿಸಿದರೆ 192ಎ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಅದು ಬಿಡಿ, ದಂಡ ಕಟ್ಟಿ ಹೊರಗೆ ಬರಬಹುದು. ಪರ್ಮಿಟ್ ಇಲ್ಲದೆ ಗಾಡಿ ಓಡಿಸುವುದು ಇನ್ಶೂರೆನ್ಸ್ ಷರತ್ತಿನ ಮೂಲವನ್ನೇ ಮುರಿದ ಹಾಗೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸತ್ತವರ ಮನೆಯವರಿಗೆ ಕಂಪನಿ ದುಡ್ಡು ಕೊಡುತ್ತದೆ, ಆಮೇಲೆ ಅಷ್ಟನ್ನೂ ಮಾಲೀಕನಿಂದ ವಸೂಲು ಮಾಡುತ್ತದೆ. ಪ್ರೀಮಿಯಂ ತಪ್ಪದೆ ಕಟ್ಟಿದ್ದರೂ ಅಷ್ಟೇ.

ನನ್ನ ಹತ್ತಿರದ ಸಂಬಂಧಿಕರ ಮನೆಯಲ್ಲಿ ಇದೇ ಆಯಿತು. ಗಾಡಿ ಒಳ್ಳೆಯದು, ಎಫ್‌ಸಿ ಇತ್ತು, ಇನ್ಶೂರೆನ್ಸ್ ಇತ್ತು, ಐದು ವರ್ಷದ ಪರ್ಮಿಟ್ ಇತ್ತು. ಆ ವರ್ಷದ ಆಥರೈಸೇಷನ್ ಮಾತ್ರ ನವೀಕರಿಸಿರಲಿಲ್ಲ. ದುಡ್ಡು ಏಜೆಂಟ್ ಕೈಗೆ ಹೋಗಿತ್ತು, ಪೋರ್ಟಲ್‌ಗೆ ಹೋಗಿರಲಿಲ್ಲ. ಮಳೆಯಲ್ಲಿ ಕೇರಳದ ಕಡೆ ಇಳಿಜಾರಿನಲ್ಲಿ ಬೈಕಿಗೆ ತಾಗಿತು, ಮನೆಗೆ ದುಡಿದು ಹಾಕುತ್ತಿದ್ದ ಹುಡುಗ ಹೋದ. ಆ ಮನೆಯವರಿಗೆ ಪರಿಹಾರ ಸಿಕ್ಕಿತು, ಸಿಗಲೇಬೇಕಿತ್ತು. ನಮ್ಮವರು ಆ ಹಣ ತುಂಬಿಕೊಡಲು ತೋಟದ ಒಂದು ಭಾಗ ಮಾರಿದರು. ಏಜೆಂಟ್ ಮೇಲೆ ಕೇಸ್ ಹಾಕಲು ಒಂದು ಚೀಟಿಯೂ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಏಜೆಂಟ್ ಬೇಡ ಅನ್ನುತ್ತಿಲ್ಲ, ಅವರಿಂದ ಕೆಲಸ ಮಾಡಿಸಿ. ಆದರೆ ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ, ಇನ್ಶೂರೆನ್ಸ್, ತೆರಿಗೆ, ಪರ್ಮಿಟ್ ಎಲ್ಲಿಯವರೆಗೆ ಇದೆ ಅಂತ ಮಾಲೀಕ ತನ್ನ ಕಣ್ಣಲ್ಲೇ ನೋಡಬೇಕು. ನ್ಯಾಷನಲ್ ಪರ್ಮಿಟ್ ಶುಲ್ಕ ಆನ್‌ಲೈನ್‌ನಲ್ಲೇ ಕಟ್ಟುವುದು, ಅದಕ್ಕೆ ಮಡಿಕೇರಿಗೆ ಹೋಗುವ ಕೆಲಸವೂ ಇಲ್ಲ.

ಶ್ರೀಮಂಗಲ ಲೋಡ್:

ಆಥರೈಸೇಷನ್ ವಿಷಯ ಒಪ್ಪಿದೆ. ಕ್ಯಾರಿಯರ್ ನೋಂದಣಿ ಒಂದು ಗಾಡಿಯವನಿಗೂ ಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸರ್ಕಾರ ಅದನ್ನು ಪಂಚಾಯಿತಿ ಮಟ್ಟದಲ್ಲೇ ಕೊಡಲಿ, ಆಮೇಲೆ ಕಡ್ಡಾಯ ಮಾಡಲಿ.

ಪೆರುಂಬಾಡಿ ಡ್ರೈವರ್:

ನಾನು ಮಾಲೀಕನಲ್ಲ, ಬರೀ ಡ್ರೈವರ್. ಆದರೂ ಎರಡು ಮಾತು ಬರೆಯುತ್ತೇನೆ, ಯಾಕೆಂದರೆ ಕಾಗದ ಸರಿ ಇಲ್ಲದಿದ್ದರೆ ಸ್ಟೇಷನ್ ಮುಂದೆ ರಾತ್ರಿ ಕಳೆಯುವುದು ನಾವು.

ಕಾಗದ ಮೊಬೈಲ್‌ನಲ್ಲಿದ್ದರೆ ಸಾಕು ಅನ್ನುವುದು ಸರಿ, ಡಿಜಿಲಾಕರ್‌ನಲ್ಲಿ ತೋರಿಸಿದರೆ ಅಸಲಿಗೆ ಸಮ. ಆದರೆ ಮಾಕುಟ್ಟ ಕಾಡಿನೊಳಗೆ ನೆಟ್‌ವರ್ಕ್ ಎಲ್ಲಿದೆ ಸ್ವಾಮಿ? ಒಂದು ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಗಾಡಿಯಲ್ಲಿಡಿ. ಇ-ವೇ ಬಿಲ್ ನಂಬರನ್ನು ವಾಟ್ಸಾಪ್‌ನಲ್ಲಿ ಕಳಿಸುವುದರ ಜೊತೆಗೆ ಕಾಗದದ ಮೇಲೂ ಬರೆದುಕೊಡಿ.

ಲೈಸೆನ್ಸ್ ವಿಷಯಕ್ಕೆ ಬಂದರೆ, ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಎಲ್ಲೋ ಬೋರ್ಡ್ ಗಾಡಿ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಪಾಲಿಬೆಟ್ಟದ ತಮ್ಮ ತೆಗೆದುಕೊಳ್ಳುವ ಗಾಡಿಯ ಆರ್‌ಸಿಯಲ್ಲಿ ಒಟ್ಟು ತೂಕ ಎಷ್ಟು ಅಂತ ಮೊದಲು ನೋಡಲಿ. 7,500 ದಾಟಿದರೆ ಆ ತೂಕದ ಗೂಡ್ಸ್ ಗಾಡಿಗೆ ತಕ್ಕ ಲೈಸೆನ್ಸ್ ಇರುವವರನ್ನೇ ಕೂರಿಸಬೇಕು.

ಆಮೇಲೆ ನಿದ್ದೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತದೆ, 2009ರಿಂದ ಹೀಗೇ. ಹಾಗಾಗಿ ಮೈಸೂರಿನಿಂದ ವಯನಾಡಿಗೆ ಹೋಗುವ ರಾತ್ರಿ ಲೋಡ್ ಹುಣಸೂರು, ಗೋಣಿಕೊಪ್ಪ, ಕುಟ್ಟ ಸುತ್ತಿಕೊಂಡು ಬರುತ್ತದೆ. ತಿತಿಮತಿ ಹತ್ತಿರ ಆನೆ, ಮುಂದೆ ಮಂಜು, ತಿರುವು. ಹಗಲು ತೋಟದಲ್ಲಿ ಲೋಡ್ ಮಾಡಿಸಿದವನನ್ನೇ ರಾತ್ರಿ ಮಾನಂದವಾಡಿಗೆ ಕಳಿಸುತ್ತಾರೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು. ಯಾವ ಮಾಲೀಕರ ಹತ್ತಿರವೂ ಡ್ರೈವರ್ ಎಷ್ಟು ಗಂಟೆ ಓಡಿಸಿದ ಅನ್ನುವ ಪುಸ್ತಕ ನಾನು ನೋಡಿಲ್ಲ. ದಯವಿಟ್ಟು ಒಂದು ನೋಟ್‌ಬುಕ್ ಇಡಿ. ನಿಯಮ ಪಾಲನೆ ಅಂದರೆ ಗಾಡಿಯದ್ದು ಮಾತ್ರ ಅಲ್ಲ, ನಾವೂ ಮನೆಗೆ ವಾಪಸ್ ಬರಬೇಕು.

ಸಿದ್ದಾಪುರ ತೋಟ:

ಡ್ರೈವರ್ ಅಣ್ಣ ಸರಿಯಾಗಿ ಹೇಳಿದರು. ಓವರ್‌ಲೋಡ್ ಬಗ್ಗೆಯೂ ಯಾರಾದರೂ ಬರೆಯಿರಿ. ನಮ್ಮ ತೋಟಗಳಲ್ಲಿ "ಇನ್ನು ನಾಲ್ಕು ಮೂಟೆ ಹಾಕಿ" ಅನ್ನುವುದು ಅಭ್ಯಾಸ ಆಗಿದೆ. ಇನ್ನೊಂದು ಪ್ರಶ್ನೆ, ನಾವು ಕೆಲವರು ಸೇರಿ ಕಾಫಿಯನ್ನು ನೇರವಾಗಿ ರಫ್ತು ಮಾಡಬೇಕು ಅಂದುಕೊಂಡಿದ್ದೇವೆ. ಬಂದರಿಗೆ ಹೋಗುವ ಗಾಡಿಯವರಿಗೆ ಎಇಓ ಮಾನ್ಯತೆ ಇರಬೇಕಾ?

ಗೋಣಿಕೊಪ್ಪ ಲಾರಿ ಆಫೀಸ್:

ಎಇಓ ಕಸ್ಟಮ್ಸ್‌ನವರು ಕೊಡುವುದು, ಅಧಿಕೃತ ಆರ್ಥಿಕ ನಿರ್ವಾಹಕ ಅನ್ನುವ ಮಾನ್ಯತೆ. ಸಾಗಾಟದವರಿಗೆ, ಕಸ್ಟಮ್ಸ್ ಬ್ರೋಕರ್‌ಗಳಿಗೆ, ಗೋಡೌನ್‌ನವರಿಗೆ ಎಇಓ-ಎಲ್‌ಓ ಅಂತ ಬೇರೆ ವರ್ಗವೇ ಇದೆ. ಅದು ಸ್ವಂತ ಇಚ್ಛೆಯದ್ದು, ಕಡ್ಡಾಯ ಅಲ್ಲ. ಮಂಗಳೂರಿಗೋ ಕೊಚ್ಚಿಗೋ ಕಂಟೇನರ್ ಎಳೆಯುವ ಒಂದು ಗಾಡಿಯವನಿಗೆ ಅದು ಬೇಕಿಲ್ಲ. ನೀವು ನೋಡಬೇಕಾದದ್ದು ಸೀಲ್. 2017ರಿಂದ ಅನುಮತಿ ಪಡೆದ ರಫ್ತುದಾರರು ತಮ್ಮ ಜಾಗದಲ್ಲೇ ಕಂಟೇನರ್‌ಗೆ ಎಲೆಕ್ಟ್ರಾನಿಕ್ ಸೀಲ್ ಹಾಕುತ್ತಾರೆ, ದಾರಿಯಲ್ಲಿ ಅದನ್ನು ಯಾರೂ ಮುಟ್ಟಬಾರದು. ಡ್ರೈವರ್‌ಗೆ ಇದನ್ನು ಬಿಡಿಸಿ ಹೇಳಿ.

ಓವರ್‌ಲೋಡ್‌ಗೆ 20,000 ರೂಪಾಯಿ, ಜಾಸ್ತಿ ಇರುವ ಪ್ರತಿ ಟನ್‌ಗೆ 2,000 ಸೇರಿಸಿ. ತೂಕಕ್ಕೆ ನಿಲ್ಲಿಸದೆ ಹೋದರೆ 40,000. ದುಡ್ಡು ಕಟ್ಟಿದ ಮೇಲೂ ಜಾಸ್ತಿ ಇರುವುದನ್ನು ಇಳಿಸದೆ ಗಾಡಿ ಬಿಡುವುದಿಲ್ಲ. ಇರಿಟ್ಟಿಯಲ್ಲಿ ಮಧ್ಯರಾತ್ರಿ ಶುಂಠಿ ಮೂಟೆ ಇಳಿಸಿ ಬೇರೆ ಗಾಡಿ ಹುಡುಕುವ ಪಾಡು ಯಾರಿಗೂ ಬೇಡ. ಲೋಡ್ ಆದ ಕೂಡಲೇ ಇಲ್ಲೇ ವೇಬ್ರಿಜ್‌ನಲ್ಲಿ ತೂಗಿ ಚೀಟಿ ಇಟ್ಟುಕೊಳ್ಳಿ. 2018ರಲ್ಲಿ ಕೇಂದ್ರ ಸರ್ಕಾರ ಎರಡು ಆಕ್ಸಲ್ ಲಾರಿಯ ಮಿತಿಯನ್ನು 16.2ರಿಂದ 18.5 ಟನ್‌ಗೆ ಏರಿಸಿತು ಅಂತ ಎಲ್ಲರೂ ಹೇಳುತ್ತಾರೆ, ಆದರೆ ನಿಮ್ಮ ಆರ್‌ಸಿಯಲ್ಲಿ ಇರುವ ಅಂಕಿಯೇ ನಿಮಗೆ ಮಿತಿ.

ಮಳೆಗಾಲಕ್ಕೆ ಜಿಲ್ಲಾಧಿಕಾರಿಗಳ ಆದೇಶ ಬೇರೆ ಬರುತ್ತದೆ, ಭಾರಿ ವಾಹನ, ಮರದ ಲೋಡ್ ಎಲ್ಲಾ ನಿಲ್ಲುತ್ತವೆ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದದ್ದು ನೋಡಿದವರು ಯಾರೂ ಅದಕ್ಕೆ ಬೇಡ ಅನ್ನುವುದಿಲ್ಲ. ಜೂನ್ ಬರುವ ಮೊದಲೇ ಗಿರಾಕಿಗಳಿಗೆ ತಿಳಿಸಿಬಿಡಿ, ಮುಂಗಡ ತೆಗೆದುಕೊಂಡು ಒದ್ದಾಡಬೇಡಿ.

ಮಡಿಕೇರಿ ಟ್ಯಾಕ್ಸಿ:

ಪ್ಯಾಸೆಂಜರ್ ಗಾಡಿಯವರಿಗೂ ಒಂದು ಮಾತು ಸೇರಿಸುತ್ತೇನೆ. ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್‌ಗೆ 2021ರಲ್ಲಿ ಹೊಸ ನಿಯಮ ಬಂತು, 2023ರಲ್ಲಿ ಮತ್ತೆ ಬದಲಾಯಿತು. ಅದಿದ್ದರೂ ಕೇರಳದಲ್ಲಿ ರಾಜ್ಯದ ತೆರಿಗೆ ಕೇಳುತ್ತಾರೆ, ಈ ಜಗಳ ಬಹಳ ದಿನದಿಂದ ನಡೆಯುತ್ತಿದೆ. ಶಬರಿಮಲೆ ಸೀಸನ್‌ಗೆ ಹೋಗುವವರು ಹೊರಡುವ ಮೊದಲೇ ವಾಹನ್ ಚೆಕ್‌ಪೋಸ್ಟ್ ಪೋರ್ಟಲ್ ನೋಡಿಕೊಳ್ಳಿ, ಪ್ರಯಾಣಿಕರ ಪಟ್ಟಿ ಗಾಡಿಯಲ್ಲಿರಲಿ. ದಾರಿಯಲ್ಲಿ ಬಸ್ಸಿನ ಹಾಗೆ ಜನ ಹತ್ತಿಸಿ ಇಳಿಸಬೇಡಿ, ಆ ಪರ್ಮಿಟ್ ಅದಕ್ಕಲ್ಲ.

ಪಾಲಿಬೆಟ್ಟ ಪಿಕಪ್:

ಎಲ್ಲರಿಗೂ ಧನ್ಯವಾದ. ಮಂಡಿಯವರಿಗೆ ಫೋನ್ ಮಾಡಿದೆ, ಅವರಿಗೆ ಬೇಕಿದ್ದದ್ದು ಟ್ರಾನ್ಸ್‌ಪೋರ್ಟರ್ ಐಡಿ. ನ್ಯಾಷನಲ್ ಪರ್ಮಿಟ್ ದುಡ್ಡು ನಾನೇ ಕಟ್ಟುತ್ತೇನೆ ಅಂತ ಏಜೆಂಟ್‌ಗೆ ಹೇಳಿದ್ದೇನೆ. ಕ್ಯಾರಿಯರ್ ನೋಂದಣಿಗೂ ಅರ್ಜಿ ಹಾಕುತ್ತೇನೆ.

ಕೊನೆಯ ಪ್ರಶ್ನೆ. ಕಲ್ಲಿಕೋಟೆಯಿಂದ ಖಾಲಿ ಬರುವುದು ನಷ್ಟ. ಅಲ್ಲಿಂದ ಇರಿಟ್ಟಿಗೆ ಟೈಲ್ಸ್ ಲೋಡ್ ಕೊಡುತ್ತೇವೆ ಅಂತ ಒಬ್ಬರು ಹೇಳಿದ್ದಾರೆ. ದಾರಿಯಲ್ಲೇ ಬರುತ್ತದೆ, ತರಬಹುದಾ?

ಗೋಣಿಕೊಪ್ಪ ಲಾರಿ ಆಫೀಸ್:

ತರಬೇಡ ತಮ್ಮಾ. ಕಲ್ಲಿಕೋಟೆಯೂ ಇರಿಟ್ಟಿಯೂ ಕೇರಳವೇ. ಹೊರ ರಾಜ್ಯದ ನ್ಯಾಷನಲ್ ಪರ್ಮಿಟ್ ಗಾಡಿ ಒಂದೇ ರಾಜ್ಯದ ಎರಡು ಊರಿನ ನಡುವೆ ಲೋಡ್ ಹತ್ತಿಸಿ ಇಳಿಸುವ ಹಾಗಿಲ್ಲ, ಕೆಎ-12 ಬೋರ್ಡ್ ನೋಡಿದ ಕೂಡಲೇ ಅಲ್ಲಿಯ ಗಾಡಿಯವರೇ ಫೋನ್ ಮಾಡುತ್ತಾರೆ. ಅದೇ ಟೈಲ್ಸ್ ವಿರಾಜಪೇಟೆಗೋ ಗೋಣಿಕೊಪ್ಪಕ್ಕೋ ಬರುವುದಾದರೆ ಧಾರಾಳವಾಗಿ ತರಬಹುದು. ಇಲ್ಲಿ ಮನೆ ಕಟ್ಟುವವರು ಅಲ್ಲಿಂದ ತರಿಸುತ್ತಲೇ ಇರುತ್ತಾರೆ. ಎರಡು ಮೂರು ಹಾರ್ಡ್‌ವೇರ್ ಅಂಗಡಿಯವರ ನಂಬರ್ ಖಾಸಗಿ ಮೆಸೇಜ್‌ನಲ್ಲಿ ಕಳಿಸುತ್ತೇನೆ, ಮಾತಾಡು. ಬಿಲ್‌ನಲ್ಲಿ ಇಳಿಸುವ ಊರು ಕರ್ನಾಟಕದ್ದೇ ಇದೆಯಾ ಅಂತ ಲೋಡ್ ಹತ್ತಿಸುವ ಮೊದಲು ನೋಡಿಕೊ.